ಬೂದು ಬಣ್ಣಕ್ಕೆ ಒಂದು ಬೆರಳು

"ಏಣಿ ಗಟ್ಟಿಯಾಗಿ ಹಿಡ್ಕೊಳ್ರೀ ಯಜಮಾನ್ರೇ. ನಾನು ಬಿದ್ರೆ ಅಪ್ಪಚ್ಚಿ ಆಗೋದು ನೀವೇ," ಎಂದು ರೀಕ್ಕ ಮೇಲಿನಿಂದ ಪಿಸುದನಿಯಲ್ಲೇ ಗದರಿದಳು.

"ಬಾಯಿ ಮುಚ್ಕೊಂಡು ಹತ್ತು. ಗೂಬೆ ಹಾರಿಹೋದ್ರೆ ಮೊಟ್ಟೆ ತಣ್ಣಗಾಗ್ತವೆ," ಎಂದ ತೌನೊ. ಎರಡೂ ಕೈಯಿಂದ ಏಣಿಯನ್ನು ಮರಕ್ಕೆ ಒತ್ತಿ ಹಿಡಿದಿದ್ದ.

ಹಳೆಯ ಗಿರಣಿಯ ಪಕ್ಕದ ಸ್ಪ್ರೂಸ್ ಮರಕ್ಕೆ ಕಟ್ಟಿದ ಆ ಮರದ ಪೆಟ್ಟಿಗೆ ತೌನೊನೇ ಬಡಿದು ಮಾಡಿದ್ದು. ಫಿನ್‌ಲೆಂಡಿನಲ್ಲಿ ಏಪ್ರಿಲ್ ಬಂದಿತ್ತು. ಹೊಳೆಯ ಮೇಲಿನ ಮಂಜುಗಡ್ಡೆ ಒಡೆದು ನೀರು ಕಪ್ಪಗೆ ಓಡುತ್ತಿತ್ತು. ಮರಗಳ ನೆರಳು ಬೀಳುವ ಕಡೆ ಮಾತ್ರ ಹಿಮ ಉಳಿದಿತ್ತು, ಅದೂ ಕೊಳೆಯಾಗಿ. ಪ್ರತಿ ವರ್ಷವೂ ಈ ಹೊತ್ತಿಗೆ ಪೆಟ್ಟಿಗೆಯೊಳಗೆ ಹೆಣ್ಣು ಗೂಬೆ ಮೊಟ್ಟೆಯ ಮೇಲೆ ಕೂತಿರುತ್ತದೆ. ಅದನ್ನು ಹಿಡಿದು, ಕಾಲಿಗೆ ನಂಬರಿನ ಉಂಗುರ ಇದೆಯೇ ನೋಡಿ, ಇಲ್ಲದಿದ್ದರೆ ತೊಡಿಸಿ, ಬಣ್ಣ ಯಾವುದೆಂದು ತೀರ್ಮಾನಿಸಿ ಮತ್ತೆ ಒಳಗೆ ಬಿಡುವುದು ಇವರ ಕೆಲಸ. ವಿಶ್ವವಿದ್ಯಾಲಯದವರಿಗೆ ಲೆಕ್ಕ ಕೊಡುವ, ಸಂಬಳವಿಲ್ಲದ ಕೆಲಸ. ಸೊಂಟ ಕೈಕೊಡುವವರೆಗೆ ತೌನೊನೇ ಏಣಿ ಹತ್ತುತ್ತಿದ್ದ. ಈಗ ರೀಕ್ಕ ಹತ್ತುತ್ತಾಳೆ. ನಲವತ್ತು ದಾಟಿದ ಹೆಂಗಸು, ಶಾಲೆಯ ಬಸ್ಸು ಓಡಿಸುತ್ತಾಳೆ, ಬಸ್ಸಿನಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ಎಲ್ಲರನ್ನೂ ಹಾಗೇ ಮಾತಾಡಿಸುತ್ತಾಳೆ.

ಪೆಟ್ಟಿಗೆಯೊಳಗೆ ಕೊಕ್ಕು ಕಟಕಟ ಎಂದಿತು. ರೀಕ್ಕ ಗೂಬೆಯ ಎರಡೂ ಕಾಲು ಬೆರಳಸಂದಿಯಲ್ಲಿ ಹಿಡಿದು, ಅದರ ಬೆನ್ನನ್ನು ತನ್ನ ಜಾಕೆಟ್ಟಿಗೆ ಒತ್ತಿಕೊಂಡು ಇಳಿದಳು. ಹೆಲ್ಮೆಟ್ಟಿನ ಮೇಲೆ ಉಗುರಿನ ಹೊಸ ಗೀರು ಬಿದ್ದಿತ್ತು.

"ಸರಿ. ಕೈ ಹಿಂದೆ," ಎಂದಳು.

ಇದು ಐಲಿ ಮಾಡಿದ ಕಟ್ಟಳೆ. ಐಲಿ ತೌನೊನ ಹೆಂಡತಿ. ಈ ಗೂಬೆಗಳಲ್ಲಿ ಎರಡು ಬಣ್ಣ, ಬೂದು ಮತ್ತು ಕಂದು. ಕೆಲವಂತೂ ಎರಡರ ನಡುವೆ ನಿಂತು ಆಟ ಆಡಿಸುತ್ತವೆ. ಅದಕ್ಕೇ ಐಲಿಯ ನಿಯಮವೇನೆಂದರೆ, ಇಬ್ಬರೂ ಬಾಯಿ ಬಿಡದೆ ನೋಡಬೇಕು. ಬಲಗೈ ಬೆನ್ನ ಹಿಂದೆ ಇರಬೇಕು. 'ಹೂಂ' ಎಂದ ಕೂಡಲೇ ಇಬ್ಬರೂ ಕೈ ಮುಂದೆ ತರಬೇಕು. ಬೂದಾದರೆ ಒಂದು ಬೆರಳು, ಕಂದಾದರೆ ಎರಡು. ಇಬ್ಬರದೂ ಒಂದೇ ಬಂದರೆ ಮುಗಿಯಿತು. ಬೇರೆ ಬೇರೆ ಬಂದರೆ ಜಗಳ ಇಲ್ಲ, ಮತ್ತೆ ನೋಡಬೇಕು. "ನಿನ್ನ ದೊಡ್ಡ ಬಾಯಿ ಮುಂದೆ ನನ್ನ ಕಣ್ಣು ಸೋಲಬಾರದು," ಎಂದು ಮದುವೆಯಾದ ಹೊಸದರಲ್ಲಿ ಅವಳು ಹೇಳಿದ್ದಳು. ಆಮೇಲೆ ಆ ಸೀಮೆಯಲ್ಲಿ ಗೂಬೆಗೆ ಉಂಗುರ ಹಾಕುವ 'ಗೂಬೆಯವರೆಲ್ಲ' ಅದನ್ನೇ ಪಾಲಿಸಿದರು.

"ಹೂಂ," ಎಂದ ತೌನೊ.

ರೀಕ್ಕಳ ಕೈಯಲ್ಲಿ ಒಂದು ಬೆರಳು. ತೌನೊನ ಕೈಯಲ್ಲಿ ಎರಡು.

ನಿಜ ಹೇಳಬೇಕೆಂದರೆ ಅವನು ಆ ಎರಡು ಬೆರಳನ್ನು ರೀಕ್ಕ ಏಣಿಯಿಂದ ಇಳಿಯುವ ಮೊದಲೇ ಬಿಡಿಸಿ ಇಟ್ಟುಕೊಂಡಿದ್ದ. ಗಿರಣಿಯ ಹೆಣ್ಣು ಕಂದು. ಅದು ಅವನಿಗೆ ಗೊತ್ತಿದ್ದ ವಿಷಯ, ನೋಡಬೇಕಾದ್ದೇನೂ ಇರಲಿಲ್ಲ.

"ಮತ್ತೆ ನೋಡ್ರೀ," ಎಂದಳು ರೀಕ್ಕ. "ಇದು ಕಂದಾದ್ರೆ ನಾನು ಸುಂದರಿ."

ತೌನೊ ನೋಡಿದ. ಗೂಬೆ ಕಪ್ಪು ಕಣ್ಣಿಂದ ಅವನನ್ನೇ ನೋಡುತ್ತಿತ್ತು. ಏನೋ ಸರಿಯಿಲ್ಲ ಅನ್ನಿಸಿತು. ಅವನ ಬಲಗಣ್ಣಿಗೆ ಚಳಿಗಾಲದಲ್ಲಿ ಪೊರೆಯ ಆಪರೇಷನ್ ಆಗಿತ್ತು, ಎಡಗಣ್ಣಿನದು ಬರುವ ಬೇಸಿಗೆಗೆ. ಅಂಗೈಯಿಂದ ಎಡಗಣ್ಣು ಮುಚ್ಚಿದ. ಎದುರಿಗಿದ್ದ ಗೂಬೆ ಮರದ ತೊಗಟೆಗೆ ಹತ್ತಿದ ಕಲ್ಲುಹೂವಿನಷ್ಟು ಬೂದಾಗಿತ್ತು. ಅಂಗೈ ಬದಲಿಸಿ ಬಲಗಣ್ಣು ಮುಚ್ಚಿದ. ಅದೇ ಗೂಬೆ ಚಹಾ ಚೆಲ್ಲಿದ ಬಟ್ಟೆಯ ಹಾಗೆ ಕಂದಾಯಿತು. ಮತ್ತೆ ಬದಲಿಸಿದ. ಬೂದು. ಮತ್ತೆ. ಕಂದು.

"ಏನ್ರೀ ಅದು, ಗೂಬೆಗೆ ಕಣ್ಣು ಹೊಡೀತಿದ್ದೀರಾ?"

ತೌನೊ ನಗಲಿಲ್ಲ. "ಹಳೇ ಹೆಣ್ಣು ಸತ್ತು ಹೊಸದು ಬಂದಿರಬೇಕು. ಉಂಗುರ ಇದೆಯಾ?"

ರೀಕ್ಕ ಕಾಲಿನ ಗರಿ ಸರಿಸಿದಳು. "ಇದೆ. ಹಳೇದೇ. ಯಾರು ರೀ ಇದನ್ನ ಹಾಕಿದ್ದು? ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತಿದೆ. ಇಕ್ಕಳ ಹಿಡಿಯೋಕೂ ಬರಲ್ವಾ..."

ತೌನೊನ ಮುಖ ನೋಡಿ ಅವಳು ಮಾತು ಅಲ್ಲಿಗೇ ನಿಲ್ಲಿಸಿದಳು.

ಅದು ಐಲಿ ಹಾಕಿದ ಉಂಗುರ. ಅವಳು ಹಾಕಿದ ಕೊನೆಯ ಉಂಗುರ. ಆಮೇಲಿನ ವರ್ಷಗಳಲ್ಲಿ ಈ ಗೂಬೆ ಏಣಿಯ ಸದ್ದಿಗೇ ಹಾರಿಹೋಗಿ ಯಾರ ಕೈಗೂ ಸಿಕ್ಕಿರಲಿಲ್ಲ. ಆ ವಸಂತದಲ್ಲಿ ಅವಳ ಕೈ ನಡುಗುತ್ತಿತ್ತು, ಇಕ್ಕಳವನ್ನು ಒಂದು ಚೂರು ಹೆಚ್ಚು ಒತ್ತಿದ್ದಳು, ತುದಿಗಳು ಒಂದರ ಮೇಲೊಂದು ಹತ್ತಿದ್ದವು. ಗೂಬೆಗೆ ನೋವಾಗುವಂಥದ್ದೇನಲ್ಲ. ಆದರೂ ತೌನೊ ಗದರಿದ್ದ. ಆಮೇಲೆ ಇಬ್ಬರೂ ಕೈ ಹಿಂದೆ ಕಟ್ಟಿ ನಿಂತಿದ್ದರು. ಐಲಿ ಒಂದು ಬೆರಳು ತೋರಿಸಿದ್ದಳು. ಅವನು ಎರಡು.

"ಮತ್ತೆ ನೋಡು," ಎಂದಿದ್ದಳು ಐಲಿ.

"ನೋಡೋಕೇನಿದೆ? ಕಂದು."

"ತೌನೊ, ಇದು ಬೂದು ಕಣೋ. ಮತ್ತೆ ನೋಡು."

ಅವನು ಮತ್ತೆ ನೋಡಲಿಲ್ಲ. ಅದಕ್ಕೆ ಅವನ ಬಳಿ ಕಾರಣ ಇತ್ತು, ಗಟ್ಟಿಯಾದ ಕಾರಣವೇ. ಅವರು ಮದುವೆಯಾದ ಕಾಲದಲ್ಲಿ ದಕ್ಷಿಣ ಫಿನ್‌ಲೆಂಡಿನ ಈ ಕಾಡುಗಳಲ್ಲಿ ಹಿಮ ಸೊಂಟದವರೆಗೆ ಬೀಳುತ್ತಿತ್ತು. ಆಗ ಗೂಬೆಗಳೆಲ್ಲ ಹೆಚ್ಚುಕಡಿಮೆ ಬೂದೇ. ಬೂದು ಗೂಬೆ ಹಿಮ ಮೆತ್ತಿದ ಮರದಲ್ಲಿ ಮರವೇ ಆಗಿಹೋಗುತ್ತದೆ. ಕಂದು ಅಲ್ಲಿ ಎದ್ದು ಕಾಣುತ್ತದೆ. ಕಾಗೆಗಳು ಗಲಾಟೆ ಮಾಡುತ್ತವೆ, ಗಿಡುಗ ಬರುತ್ತದೆ. ಕಂದು ಗೂಬೆಗೆ ಆ ಚಳಿಯೂ ತಡೆಯುವುದಿಲ್ಲ. ಕಡುಚಳಿಯ ವರ್ಷಗಳಲ್ಲಿ ಕಂದು ಗೂಬೆಗಳು ಮಾರ್ಚ್ ಹೊತ್ತಿಗೆ ಕೊಟ್ಟಿಗೆಯ ತೊಲೆಯ ಮೇಲೆ ಕೂತಲ್ಲೇ ಸತ್ತಿರುತ್ತಿದ್ದವು. ಆಮೇಲೆ ಚಳಿಗಾಲ ಮೆತ್ತಗಾಗುತ್ತ ಬಂತು. ಡಿಸೆಂಬರಿನಲ್ಲಿ ಮಳೆ ಬೀಳತೊಡಗಿತು. ಹಿಮವಿಲ್ಲದ ಕಾಡು ಕಂದಾಗಿಯೇ ಇರುತ್ತದೆ, ಕಂದು ಗೂಬೆ ಅಲ್ಲಿ ಬದುಕಿಕೊಂಡಿತು, ಮರಿ ಮಾಡಿತು. ಇಡೀ ದೇಶದ ಗೂಬೆಯವರು ಇದನ್ನೇ ಕಂಡರು. ತೌನೊ ಪಟ್ಟಣದ ಗ್ರಂಥಾಲಯದಲ್ಲಿ ಭಾಷಣವನ್ನೂ ಮಾಡಿದ್ದ. "ನನ್ನ ಕಾಡಲ್ಲಿ ಬೂದು ಮುಗೀತು," ಎಂದಾಗ ಸಭೆ ಗಪ್‌ಚಿಪ್ ಆಗಿತ್ತು. ಅವನಿಗೆ ಆ ಮೌನ ಇಷ್ಟವಾಗಿತ್ತು.

ಹಾಗೆ ಹೇಳಿ ಬಂದವನ ಮುಂದೆ ಅದೇ ವಸಂತದಲ್ಲಿ ಐಲಿ ಒಂದು ಬೆರಳು ಎತ್ತಿದ್ದಳು.

ಅವಳು ಆಗಲೇ ಮರೆಯತೊಡಗಿದ್ದಳು, ಅದೂ ನಿಜ. ಕಾಫಿಪುಡಿಯ ಡಬ್ಬಿ ಹಬೆಸ್ನಾನದ ಸೌನಾದಲ್ಲಿ ಸಿಕ್ಕಿತ್ತು. ತಂಗಿಯ ಹೆಸರಿಗಾಗಿ ತಡಕಾಡುತ್ತಿದ್ದಳು. ಆದರೆ ತೌನೊಗೆ ಭಯ ಹುಟ್ಟಿದ್ದು ಅವುಗಳಿಂದ ಅಲ್ಲ, ಆ ಬೆರಳಿನಿಂದ. ಜೀವಮಾನವೆಲ್ಲ ಬಣ್ಣ ನೋಡಿದವಳು, ಅವನಿಗಿಂತ ಚುರುಕು ಕಣ್ಣಿನವಳು, ಕಂದನ್ನು ಬೂದು ಅನ್ನುತ್ತಾಳೆ ಅಂದರೆ? ಡಾಕ್ಟರ ಮುಂದೆ ಅವನು ಮೊದಲು ಹೇಳಿದ್ದು ಅದನ್ನೇ. ಐಲಿ ಪಕ್ಕದಲ್ಲೇ ಕೂತಿದ್ದಳು. "ನಾನು ಸರಿಯಾಗೇ ನೋಡಿದೀನಿ," ಎಂದಳು. ಡಾಕ್ಟರು ಪಾಪ ಮೆಲ್ಲಗೆ ತಲೆಯಾಡಿಸಿದ್ದರು, ರೋಗಿಗಳಿಗೆ ಆಡಿಸುವ ಹಾಗೆ.

ಮುಂದಿನ ವರ್ಷದಿಂದ ಅವಳನ್ನು ಕಾಡಿಗೆ ಕರೆದೊಯ್ಯಲಿಲ್ಲ. ಏಪ್ರಿಲ್ ಬಂದಾಗ ಅವಳು ರಬ್ಬರ್ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ತೌನೊ ರೀಕ್ಕಳ ಕಾರು ಹತ್ತಿ ಹೋಗುತ್ತಿದ್ದ. ಸಂಜೆ ಬಂದಾಗಲೂ ಬೂಟು ಕಾಲಲ್ಲೇ ಇರುತ್ತಿತ್ತು.

ರೀಕ್ಕ ಗೂಬೆಯನ್ನು ಪೆಟ್ಟಿಗೆಗೆ ಬಿಟ್ಟು ಬಂದು ಕಾರಿನ ಬಾನೆಟ್ಟಿನ ಮೇಲೆ ಫ್ಲಾಸ್ಕು ಇಟ್ಟಳು. ಏಲಕ್ಕಿ ಬನ್ನನ್ನು ಎರಡು ಪಾಲು ಮಾಡಿ ದೊಡ್ಡದನ್ನು ತಾನಿಟ್ಟುಕೊಂಡು ಚಿಕ್ಕದನ್ನು ಅವನಿಗೆ ಕೊಟ್ಟಳು. ತೌನೊ ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತ.

"ಗೂಬೆ ಸಾಯೋವರೆಗೂ ಬಣ್ಣ ಬದಲಾಯಿಸಲ್ಲ, ಅಲ್ವಾ," ಎಂದ. ಅವಳಿಗಿಂತ ಹೆಚ್ಚು ತನಗೇ ಹೇಳಿಕೊಂಡ ಹಾಗಿತ್ತು.

"ಇಲ್ಲ. ಬದಲಾಯಿಸೋದು ಮನುಷ್ಯರೇ."

"ಅಡುಗೆಮನೆ ಪರದೆ ಬಿಳೀದು ಅಂತ ಹೋದ ತಿಂಗಳು ಗೊತ್ತಾಯ್ತು ನಂಗೆ."

ರೀಕ್ಕ ನಕ್ಕಳು. "ಅದನ್ನ ಹೇಳಿದ್ರಲ್ಲ. ಹಳದಿ ಅಂದ್ಕೊಂಡಿದ್ರಂತೆ. ಆಪರೇಷನ್ ಆದ ಮೇಲೆ ನಮ್ಮತ್ತೇನೂ ಹಾಗೇ, ಮನೆ ಗೋಡೆಗೆ ಯಾರು ನೀಲಿ ಬಳಿದ್ರು ಅಂತ ಮಾವನ ಮೇಲೆ ಹಾರಾಡಿದ್ಲು."

"ಅಲ್ಲ ಕಣೇ. ಕೇಳು." ತೌನೊ ಬನ್ನನ್ನು ಬಾನೆಟ್ಟಿನ ಮೇಲಿಟ್ಟ. "ಡಾಕ್ಟರ ಹತ್ರ ಹೋಗಿ ಬಂದ ಮೇಲೆ ನಾನು ದಿನಾ ಬೆಳಿಗ್ಗೆ ಅವಳಿಗೆ ಬಣ್ಣ ಕೇಳ್ತಿದ್ದೆ. ಮೆದುಳು ಚುರುಕಾಗಿರ್ಲಿ ಅಂತ. ಪರದೆ ಯಾವ ಬಣ್ಣ ಐಲಿ? ಬಿಳಿ ಅಂತಿದ್ಲು. ಅಲ್ಲ, ಹಳದಿ, ಸರಿಯಾಗಿ ನೋಡು ಅಂತಿದ್ದೆ. ಕಾಫಿ ಬಟ್ಟಲು ಯಾವ ಬಣ್ಣ? ಬಿಳಿ. ಅಲ್ಲ, ಹಳದಿ. ಮೊದಮೊದಲು ಜಗಳ ಆಡಿದ್ಲು. ಆಮೇಲೆ ಒಂದಿನ ನನ್ನ ಮುಖ ನೋಡಿ ಹಳದಿ ಅಂದ್ಲು. ನಾನು ಶಭಾಷ್ ಅಂದೆ."

ರೀಕ್ಕ ಲೋಟವನ್ನು ತಿರುಗಿಸುತ್ತ ನಿಂತಳು. ಹೊಳೆಯಲ್ಲಿ ಮಂಜುಗಡ್ಡೆಯ ಒಂದು ತುಂಡು ಬಂಡೆಗೆ ಬಡಿದು ತಿರುಗಿ ಮುಂದೆ ಹೋಯಿತು.

"ಕಂದು ಜಾಸ್ತಿ ಆಗಿರೋದು ಸುಳ್ಳಲ್ಲ ಯಜಮಾನ್ರೇ," ಎಂದಳು ಕೊನೆಗೆ. "ನನ್ನ ಕಣ್ಣಿಗೆ ಪೊರೆ ಇಲ್ಲ. ಎಲ್ಲರ ಕಾಡಲ್ಲೂ ಆಗಿದೆ. ಹಿಮ ಕಡಿಮೆ ಆಗಿರೋದೂ ನಿಜಾನೇ."

"ನಿಜಾನೇ. ಅದಕ್ಕೇ ತಾನೇ ನಾನು ಮತ್ತೆ ನೋಡದೆ ಇದ್ದಿದ್ದು."

ವಿಶ್ವವಿದ್ಯಾಲಯದವರಿಗೆ ಫೋನು ಮಾಡಿ ತನ್ನ ಈಚಿನ ವರ್ಷಗಳ ಬಣ್ಣದ ಲೆಕ್ಕವನ್ನು ಬಿಟ್ಟುಬಿಡಿ ಎನ್ನುತ್ತೇನೆ ಎಂದ ತೌನೊ. ಅದು ಅವನ ಹೆಮ್ಮೆಗೆ ಬಿದ್ದ ಪೆಟ್ಟು, ಸಣ್ಣದೇನಲ್ಲ. ಆದರೆ ಹೇಳುವಾಗ ಅವನ ಧ್ಯಾನ ಅಲ್ಲಿರಲಿಲ್ಲ. ರೀಕ್ಕಳ ಕೈಗವಸಿಗೆ ಗೂಬೆಯ ಎದೆಯ ಒಂದು ಗರಿ ಅಂಟಿಕೊಂಡಿತ್ತು. ಅವನು ಅದನ್ನು ಬಿಡಿಸಿಕೊಂಡು ಟೋಪಿಯ ಮಡಿಕೆಯಲ್ಲಿ ಇಟ್ಟುಕೊಂಡ.

"ಇನ್ನೂ ಮೂರು ಪೆಟ್ಟಿಗೆ ಬಾಕಿ ಇದೆ," ಎಂದಳು ರೀಕ್ಕ.

"ನಾಳೆ ನೋಡೋಣ. ನನ್ನನ್ನ ಐಲಿ ಹತ್ರ ಬಿಡು."

"ನೀವು ಅವ್ರನ್ನ ನೋಡೋಕೆ ಹೋಗೋದು ಭಾನುವಾರ ಅಲ್ವಾ?"

"ಭಾನುವಾರದ ಹೊತ್ತಿಗೆ ಅವಳಿಗೆ ಇನ್ನೂ ಒಂದಿಷ್ಟು ಮರೆತುಹೋಗಿರುತ್ತೆ."

ರೀಕ್ಕ ಬನ್ನನ್ನು ಬಾಯಿಗೆ ತುರುಕಿಕೊಂಡು ಏಣಿಯನ್ನು ಕಾರಿನ ಮೇಲೆ ಕಟ್ಟತೊಡಗಿದಳು.

ಐಲಿ ಇರುವ ಆರೈಕೆ ಮನೆ ಚರ್ಚಿನ ಹಿಂದೆ, ಸರೋವರದ ಕಡೆಗೆ ಮುಖ ಮಾಡಿದೆ. ಬಾಗಿಲಲ್ಲಿ ತೌನೊ ಬೂಟು ಬಿಚ್ಚಿ ಬರೀ ಕಾಲುಚೀಲದಲ್ಲಿ ಒಳಗೆ ಹೋದ. ನರ್ಸು ಮುಗುಳ್ನಕ್ಕು, "ಇವತ್ತು ಖುಷಿಯಾಗಿದಾರೆ, ಊಟಾನೂ ಮಾಡಿದ್ರು," ಎಂದಳು. "ತುಂಬಾ ಒಳ್ಳೆಯವ್ರು ನಿಮ್ಮ ಹೆಂಡ್ತಿ. ಏನು ಕೇಳಿದ್ರೂ ನಮಗೆ ಬೇಕಾದ ಉತ್ತರಾನೇ ಕೊಡ್ತಾರೆ." ಅವಳು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದು.

ಐಲಿ ಕಿಟಕಿಯ ಪಕ್ಕ, ಬೆನ್ನಿಗೆ ಎರಡೇ ಅಡ್ಡಪಟ್ಟಿ ಇರುವ ಮರದ ಕುರ್ಚಿಯಲ್ಲಿ ಕೂತಿದ್ದಳು. ಮೆತ್ತನೆಯ ಕುರ್ಚಿ ಕೊಟ್ಟರೆ ಕೂರುವುದಿಲ್ಲ, ಎಲ್ಲಿಗೋ ಹೊರಟವಳ ಹಾಗೆ ಇದರ ತುದಿಯಲ್ಲೇ ಕೂರುತ್ತಾಳೆ. ಕೂದಲು ಬಾಚಿ ಹಿಂದೆ ಕಟ್ಟಿದ್ದರು. ತೌನೊನ ಕಡೆ ತಿರುಗಿ ಒಂದು ಗಳಿಗೆ ನೋಡಿ, "ಏಣಿ ತಂದ್ಯಾ?" ಎಂದಳು.

"ತಂದೆ. ರೀಕ್ಕಳ ಕಾರಿನ ಮೇಲಿದೆ."

"ಒಳ್ಳೇದಾಯ್ತು."

ಅವಳು ಅವನನ್ನು ಹೆಸರು ಹಿಡಿದು ಕರೆಯದೆ ಬಹಳ ದಿನ ಆಗಿತ್ತು. ಏಣಿಯವನು ಅನ್ನುವಷ್ಟು ಉಳಿದಿತ್ತು. ತೌನೊ ಅವಳ ಎದುರಿಗೆ ಮಂಚದ ತುದಿಯಲ್ಲಿ ಕೂತ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಹೊಂದಿಸಿಕೊಂಡು ಬಂದಿದ್ದ. ಈಗ ಅದರಲ್ಲಿ ಮೊದಲನೆಯದು ಯಾವುದು ಎಂದೇ ತಿಳಿಯಲಿಲ್ಲ.

"ಗಿರಣಿ ಹತ್ರ ಹೋಗಿದ್ದೆ, ಐಲಿ. ಆ ಹೆಣ್ಣು ಗೂಬೆ ಇನ್ನೂ ಇದೆ. ನೀನು ಉಂಗುರ ಹಾಕಿದ್ದು."

"ಹೌದಾ."

"ಅದು ಬೂದು. ನೀನು ಹೇಳಿದ್ದೇ ಸರಿ. ನನ್ನ ಕಣ್ಣೇ ಕೆಟ್ಟಿದ್ದು. ಪರದೆನೂ ಬಿಳೀದೇ, ಕಾಫಿ ಬಟ್ಟಲೂ ಬಿಳೀದೇ. ಎಲ್ಲಾದ್ರಲ್ಲೂ ನೀನು ಸರಿಯಿದ್ದೆ. ಡಾಕ್ಟರ ಮುಂದೆ ನಾನು..." ಅವನು ಮಂಚದ ಅಂಚನ್ನು ಹಿಡಿದುಕೊಂಡ. "ನಾನು ನಿನ್ನನ್ನ ಮನೇಲಿ ಬಿಟ್ಟು ಹೋದೆ."

ಐಲಿ ಕೇಳಿಸಿಕೊಂಡಳು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನ ಕಷ್ಟ ಕೇಳುವವರ ಹಾಗೆ, ಮರ್ಯಾದೆಯಿಂದ. "ಪಾಪ," ಎಂದಳು. ಆಮೇಲೆ, "ಒಳ್ಳೇದಾಯ್ತು ಬಿಡು," ಎಂದು ಅವನ ಮಂಡಿ ತಟ್ಟಿದಳು.

ತೌನೊಗೆ ಅಳು ಬಂತು. ತಡವಾಯಿತು ಅನ್ನಿಸಿತು. ತನ್ನ ಜೊತೆ ಜಗಳ ಆಡಿದ ಐಲಿ, ಮತ್ತೆ ನೋಡು ಎಂದ ಐಲಿ, ಈ ಮಾತನ್ನು ಕೇಳಬೇಕಾಗಿದ್ದವಳು ಅವಳು. ಇಲ್ಲಿರುವವಳು ಯಾರು ಏನು ಹೇಳಿದರೂ ತಲೆದೂಗುತ್ತಾಳೆ. ಹಾಗೆ ತಲೆದೂಗಲು ಕಲಿಸಿದವರಲ್ಲಿ ಅವನೇ ಮೊದಲಿಗ.

ಕಣ್ಣೊರೆಸಲು ಟೋಪಿ ತೆಗೆದಾಗ ಮಡಿಕೆಯೊಳಗಿನ ಗರಿ ಕಂಡಿತು. ಮೇಜಿನ ಮೇಲೆ ಊಟದ ಬಿಳಿ ಕರವಸ್ತ್ರ ಬಿದ್ದಿತ್ತು. ಅದನ್ನು ಕಿಟಕಿಯ ದಂಡೆಯ ಮೇಲೆ ಹಾಸಿ, ನಡುವೆ ಗರಿಯನ್ನು ಇಟ್ಟ. ಮತ್ತೇನೂ ಹೇಳದೆ ತನ್ನ ಬಲಗೈಯನ್ನು ಬೆನ್ನ ಹಿಂದೆ ಒಯ್ದ.

ಐಲಿ ಗರಿ ನೋಡಿದಳು. ಅವನ ಭುಜ ನೋಡಿದಳು. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು. ಬಲಗೈ ಮಡಿಲಿನಿಂದ ಎದ್ದು ಸೊಂಟದ ಹಿಂದೆ ಹೋಯಿತು.

"ಹೂಂ," ಎಂದ.

ಅವನದು ಒಂದು ಬೆರಳು. ಅವಳ ಕೈ ಬರುವುದು ತುಸು ತಡವಾಯಿತು. ಬರುವಾಗ ಅವಳ ಕಣ್ಣು ಗರಿಯ ಮೇಲೆ ಇರಲಿಲ್ಲ, ಅವನ ಮುಖದ ಮೇಲಿತ್ತು. ಅಲ್ಲಿ ಏನೋ ಹುಡುಕುತ್ತಿತ್ತು. ಎರಡು ಬೆರಳು ತೋರಿಸಿದಳು. ಸರಿಯೇ ಎಂದು ಕೇಳುವವಳ ಹಾಗೆ ಸಣ್ಣಗೆ ನಕ್ಕಳು.

ಎಷ್ಟು ಬೆಳಗುಗಳಲ್ಲಿ ಅವನು ಈ ನಗುವಿಗೆ ಶಭಾಷ್ ಎಂದಿದ್ದ! ಈಗ ಅದನ್ನು ನೋಡಲಾರದೆ ತೌನೊ ತಲೆ ತಗ್ಗಿಸಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎದ್ದು ಹೋಗುತ್ತಿದ್ದರೇನೋ. ಆದರೆ ಅವನು ಗೂಬೆಯವನು, ಅವಳ ಕಟ್ಟಳೆ ಅವನ ಮೈಯಲ್ಲೂ ಇಳಿದಿತ್ತು.

"ಬೇರೆ ಬೇರೆ ಬಂತು," ಎಂದ. "ಮತ್ತೆ ನೋಡ್ಬೇಕು."

"ಮತ್ತೆ ನೋಡ್ಬೇಕು," ಎಂದಳು ಐಲಿಯೂ. ಆ ಮಾತು ಅವಳ ಬಾಯಿಂದ ಸಲೀಸಾಗಿ ಬಂತು. ಬಂದ ಮೇಲೆ ಆಶ್ಚರ್ಯಪಟ್ಟವಳ ಹಾಗೆ ತನ್ನ ಬೆರಳುಗಳನ್ನೇ ನೋಡಿಕೊಂಡಳು.

ತೌನೊ ಎದ್ದ. ಸೊಂಟ ಹಿಡಿದುಕೊಂಡು, ಮಂಚವನ್ನು ಸುತ್ತಿ ಹೋಗಿ ಅವಳ ಕುರ್ಚಿಯ ಹಿಂದೆ ನಿಂತ. ಅಲ್ಲಿ ಅವನ ಮುಖ ಅವಳಿಗೆ ಕಾಣುವಂತಿರಲಿಲ್ಲ. ಅವಳು ಒಮ್ಮೆ ಕತ್ತು ತಿರುಗಿಸಿ ಹುಡುಕಿದಳು. ಅವನು ಇನ್ನೂ ಹಿಂದಕ್ಕೆ ಸರಿದ. ಅವಳ ಮುಂದೆ ಈಗ ಕಿಟಕಿ, ಸರೋವರದ ಮೇಲಿಂದ ಬರುವ ಬೆಳಕು, ಬಿಳಿ ಬಟ್ಟೆಯ ಮೇಲೆ ಆ ಗರಿ, ಇಷ್ಟೇ ಇತ್ತು.

ಹೊರಗೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಪಡಸಾಲೆಯಲ್ಲಿ ಯಾರೋ ತಟ್ಟೆಗಳನ್ನು ಜೋಡಿಸುತ್ತಿದ್ದರು. ಐಲಿ ಮುಂದಕ್ಕೆ ಬಾಗಿ ಗರಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿದಳು. ಒಂದು ಮಗ್ಗುಲು ನೋಡಿ, ತಿರುಗಿಸಿ ಇನ್ನೊಂದು ಮಗ್ಗುಲು ನೋಡಿದಳು. ಊದಿದಳು. ಬುಡದ ನವಿರು ಅರಳಿತು. ಮತ್ತೆ ಅದನ್ನು ಬಟ್ಟೆಯ ಮೇಲೆ ಇದ್ದ ಜಾಗದಲ್ಲೇ ಇಟ್ಟು, ಬಲಗೈಯನ್ನು ಬೆನ್ನ ಹಿಂದೆ ತಂದಳು.

ಕುರ್ಚಿಯ ಅಡ್ಡಪಟ್ಟಿಗಳ ಸಂದಿನಲ್ಲಿ ಆ ಕೈ ತೌನೊಗೆ ಕಾಣುತ್ತಿತ್ತು. ಅಷ್ಟು ವರ್ಷ ಎದುರುಬದುರು ನಿಂತವನು ಅವಳ ಕೈಯನ್ನು ಈ ಕಡೆಯಿಂದ ಎಂದೂ ನೋಡಿರಲಿಲ್ಲ. ಎರಡು ಬೆರಳು ಬಿಚ್ಚಿಕೊಂಡಿದ್ದವು. ಸ್ವಲ್ಪ ಹೊತ್ತು ಹಾಗೇ ಇದ್ದವು. ಆಮೇಲೆ ಒಂದು ಬೆರಳು ಮೆಲ್ಲಗೆ ಅಂಗೈಯೊಳಗೆ ಮಡಚಿಕೊಂಡಿತು.

ಉಳಿದ ಒಂದನ್ನು ಹಾಗೇ ಹಿಡಿದುಕೊಂಡು, ಕಿಟಕಿಯ ಕಡೆ ನೋಡುತ್ತ, ಅವನು 'ಹೂಂ' ಎನ್ನುವುದಕ್ಕೆ ಅವಳು ಕಾಯುತ್ತಿದ್ದಳು.